ಬಿಸಿಲೇರಿದಾಗ ಬರುವ ದೋಷ

ಕೊಯ್ಲು ಮುಗಿದು ಹೊಲಗಳೆಲ್ಲ ಬೋಳಾಗಿ, ಗಾಳಿಗೆ ಬೇರೆ ಕೆಲಸವಿಲ್ಲದೆ ಗುಡ್ಡದ ಒಣಹುಲ್ಲನ್ನು ಬಾಚುತ್ತ ಕೂರುವ ಕಾಲ. ಗುಡ್ಡದ ನೆತ್ತಿಯ ತಗಡಿನ ಕೊಠಡಿಯಲ್ಲಿ, ಪೇಜರ್ ಟ್ರಾನ್ಸ್‌ಮಿಟರಿನ ಮುಂಬಾಗಿಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಅದರ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ದೋಷ ಹುಡುಕುತ್ತ ಅವನು ಹನ್ನೊಂದನೆಯ ದಿನ ಕೂತಿದ್ದ. ಊರಿನವರು ಅವನನ್ನು ಸಿಗ್ನಲ್ ಎಂದು ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಗುಡ್ಡ ಹತ್ತಿ ಇಳಿದು ಅವನು ಸಂಪಾದಿಸಿದ ಬಿರುದು ಅದೊಂದೇ. ಕೂತಿದ್ದದ್ದು ಮೂರು ಕಾಲಿನ ಒಂದು ಸ್ಟೂಲಿನ ಮೇಲೆ. ಮೂರರಲ್ಲಿ ಒಂದು ಕಾಲು ಗಿಡ್ಡ. ಅವನ ಹೊಟ್ಟೆಯುರಿಗೆಲ್ಲ ಆ ಸ್ಟೂಲೇ ಮೂಲ.

ಸ್ಟೂಲಾಗುವುದಕ್ಕೆ ಮುಂಚೆ ಅದು ಮರವಾಗಿತ್ತು. ಅಪ್ಪ ನೆಟ್ಟ ಹಿಪ್ಪುನೇರಳೆ. ಇಬ್ಬರು ಕೈ ಚಾಚಿದರೂ ತಬ್ಬಲಾಗದ ಬೊಡ್ಡೆ. ಬೇರು ಇವನ ಹಿತ್ತಲಿನಲ್ಲಿ, ನೆರಳು ಭಾವನ ಹಿತ್ತಲಿನಲ್ಲಿ. ಭಾವ ಎಂದರೆ ಹೆಂಡತಿಯ ಅಣ್ಣ. ಊರಿನ ಮರದ ಗಿರಣಿಯ ಯಜಮಾನ. ಸಾಲದ್ದಕ್ಕೆ ಊರವರೇ ಕಟ್ಟಿಕೊಂಡ ಬೆಂಕಿ ಆರಿಸುವ ದಳಕ್ಕೆ ನಾಯಕ. ಎರಡು ವರ್ಷದ ಹಿಂದೆ ಒಂದು ಬಿರುಗಾಳಿಗೆ ಮರದ ಕೊಂಬೆಯೊಂದು ಮುರಿದು ಭಾವನ ಕೊಟ್ಟಿಗೆಯ ನಾಲ್ಕು ಹೆಂಚು ಒಡೆಯಿತು. ಸಿಗ್ನಲ್ ಅವತ್ತು ಗುಡ್ಡದ ಮೇಲೆ ಸಿಡಿಲು ಬಡಿದ ಆಂಟೆನಾಕ್ಕೆ ಉಪಚಾರ ಮಾಡುತ್ತಿದ್ದ. ಎರಡು ದಿನ ಬಿಟ್ಟು ಇಳಿದು ಬಂದರೆ ಹಿತ್ತಲಿನಲ್ಲಿ ಆಕಾಶ ಮಾತ್ರ ಇತ್ತು. ಭಾವ ತಲೆಗೆ ಹೆಲ್ಮೆಟ್ ಹಾಕಿಕೊಂಡು, 'ಅಪಾಯದ ಮರ' ಎಂದು ತಾನೇ ಬರೆದು, ತಾನೇ ಮೊಹರು ಒತ್ತಿ, ತನ್ನದೇ ಗರಗಸದಲ್ಲಿ ಕಡಿಸಿ, ತನ್ನದೇ ಗಿರಣಿಗೆ ಸಾಗಿಸಿದ್ದ. ಊರ ಹಿತದ ಕೆಲಸ ಎಷ್ಟು ಚುರುಕಾಗಿ ನಡೆಯಬಲ್ಲದು ಎಂಬುದಕ್ಕೆ ಅದೊಂದು ಮಾದರಿ.

ತಿಂಗಳು ಕಳೆದ ಮೇಲೆ ಸ್ಟೂಲು ಬಂತು. "ನಿನ್ನ ಮರದ್ದೇ ಕಣೋ. ನೆನಪಿಗಿರ್ಲಿ," ಎಂದ ಭಾವ.

"ನೋಡಿ, ಅಣ್ಣ ಎಷ್ಟು ಮನಸ್ಸಿಟ್ಟು ಮಾಡಿದಾನೆ," ಎಂದಳು ಹೆಂಡತಿ.

ಸಿಗ್ನಲ್ ಸ್ಟೂಲನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ಅದರ ಮೇಲೆ ಕೂತ. ಒಂದು ಮರ ಕೊಟ್ಟು ಒಂದು ಸ್ಟೂಲು ಪಡೆದವನು ಎಂದು ದಿನಕ್ಕೆ ಎಂಟು ಗಂಟೆ ಕಾಲ ಆ ಗಿಡ್ಡ ಕಾಲು ಅವನಿಗೆ ನೆನಪಿಸುತ್ತಿತ್ತು. ಭಾವ ಹೇಳಿದ್ದೂ ನೆನಪಿಗಿರಲಿ ಎಂದೇ ತಾನೆ.

ಈಗ ಆ ಹನ್ನೊಂದನೆಯ ದಿನ. ಕೆಟ್ಟಿದ್ದು ಏನೆಂದರೆ ಸಂಕೇತ ನಡುಗುತ್ತಿತ್ತು. ಪೇಜರ್ ಒಂದು ಬಡಪಾಯಿ ಯಂತ್ರ. ಅದಕ್ಕೆ ಮಾತು ಬಾರದು, ಬರುವುದು ಒಂದು ಮತ್ತು ಸೊನ್ನೆ. ಊರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಯಾರಾದರೂ ದೂರವಾಣಿ ಕೇಂದ್ರದ ಅಕ್ಕನಿಗೆ ಫೋನು ಮಾಡುತ್ತಾರೆ. ಅಕ್ಕ ಒಂದು ಗುಂಡಿ ಒತ್ತುತ್ತಾಳೆ. ಒಂದು-ಸೊನ್ನೆಗಳ ಮೆರವಣಿಗೆ ತಂತಿಯಲ್ಲಿ ಗುಡ್ಡ ಹತ್ತುತ್ತದೆ. ಟ್ರಾನ್ಸ್‌ಮಿಟರ್ ಅದನ್ನು ಗಾಳಿಗೆ ತೂರುತ್ತದೆ. ದಳದ ಹನ್ನೊಂದು ಜನರ ಸೊಂಟದ ಪೇಜರುಗಳು ತಮ್ಮ ತಮ್ಮ ಸಂಖ್ಯೆ ಕೇಳಿಸಿದ ಕೂಡಲೇ ಕಿರುಚುತ್ತವೆ. ಸಂಖ್ಯೆ ನಡುಗುತ್ತ ಬಂತೋ, ಸರಕಾರಿ ಗುಮಾಸ್ತನ ಹಾಗೆ 'ಇದು ನನ್ನದಲ್ಲ' ಎಂದುಕೊಂಡು ನಿದ್ದೆ ಮುಂದುವರಿಸುತ್ತವೆ.

ಬೆಳಗ್ಗೆ ಎಲ್ಲ ಸರಿ. ಅಳತೆ ಯಂತ್ರದ ತೆರೆಯ ಮೇಲೆ ಸಂಕೇತ ಕೋಟೆಯ ತೆನೆಯ ಹಾಗೆ ಚೌಕ ಚೌಕ, ನೇರ ನೇರ. ಹೊತ್ತೇರಿ ತಗಡು ಕಾದರೆ ಅದೇ ಕೋಟೆ ಗೆದ್ದಲು ತಿಂದ ಬೇಲಿ. ಆದರೆ ಶಕ್ತಿಯ ಮೀಟರು ಮಾತ್ರ ಪೂರ್ತಿ ತೋರಿಸುತ್ತ ನಿಂತಿರುತ್ತದೆ, ಮನೆ ಮುಳುಗಿದರೂ ಮೀಸೆ ತಿರುವುವ ಯಜಮಾನನ ಹಾಗೆ. ಅವನು ಕೇಬಲ್ ಬದಲಿಸಿ ನೋಡಿದ, ತಂತಿಯ ಮೇಲೆ ಸಂಶಯಪಟ್ಟ, ಆಂಟೆನಾದ ಮೇಲೆ ಸಂಶಯಪಟ್ಟ. ಕೊನೆಗೆ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು, ಬಾಣಂತಿಗೆ ಕಾವು ಕೊಟ್ಟ ಹಾಗೆ ಒಂದೊಂದು ಭಾಗಕ್ಕೂ ಕಾವು ಕೊಡುತ್ತ ಬಂದಾಗ ದೋಷ ಸಿಕ್ಕಿಬಿತ್ತು. ಸಂಕೇತ ಒಳಬರುವ ಕಡೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕಾದರೆ ಬಾಯಿ ಬಿಡುತ್ತದೆ, ಆರಿದರೆ ಮುಚ್ಚಿಕೊಳ್ಳುತ್ತದೆ.

ಎರಡು ನಿಮಿಷದ ಕೆಲಸ. ಬೆಸುಗೆ ಕಡ್ಡಿ ಕಾಯುವುದಕ್ಕಿಟ್ಟು, ಎಡಗೈಯಲ್ಲಿ ಸೀಸದ ತಂತಿ ಹಿಡಿದು, ಅವನು ಸುಮ್ಮನೆ ಬಾಗಿಲಿನಾಚೆ ನೋಡಿದ. ಕೆಳಗೆ ಭಾವನ ಗಿರಣಿ. ಪಕ್ಕದಲ್ಲಿ ಮರದ ಹೊಟ್ಟಿನ ರಾಶಿ ಬಿಸಿಲಿಗೆ ಹೊಂಬಣ್ಣವಾಗಿ ಹೊಳೆಯುತ್ತಿತ್ತು. ಆ ರಾಶಿಯಲ್ಲಿ ಅಪ್ಪನ ಮರದ ಪುಡಿಯೂ ಇತ್ತು. ಅದೇ ಹೊತ್ತಿಗೆ ಅವನು ಸ್ಟೂಲಿನ ಗಿಡ್ಡ ಕಾಲಿನ ಕಡೆಗೆ ಒಮ್ಮೆ ಜಾರಿದ.

ಅವನು ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿದ.

ಆ ದಿನದಿಂದ ಅವನು ದೋಷವನ್ನು ಎದೆಹಾಲು ಕುಡಿಸಿದಂತೆ ಸಾಕಿದ. ಸ್ಟೂಲಿನಿಂದಲೇ ಒಂದು ಸಿಬುರು ಸೀಳಿ, ಕಿರುಬೆರಳ ಉಗುರಿನಷ್ಟು ಬೆಣೆ ಕೆತ್ತಿದ. ಬೆಣೆ ಸಿಕ್ಕಿಸಿದರೆ ಬಿರುಕು ಮುಚ್ಚಿರುತ್ತದೆ, ಎಷ್ಟೇ ಬಿಸಿಲಿರಲಿ. ತೆಗೆದರೆ ನಡುಕ. ಅಪ್ಪನ ಮರ ಈಗ ಒಂದು ಸ್ವಿಚ್ಚಾಗಿತ್ತು.

ಅವಸರ ಅವನ ಜಾಯಮಾನವಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ; ಇವನಿಗೆ ಬುದ್ಧಿಯ ಕೊರತೆ ಎಂದೂ ಇರಲಿಲ್ಲ, ಅದನ್ನು ಗುರುತಿಸುವವರ ಕೊರತೆ ಮಾತ್ರ. ಒಂದೇ ದಿನ ಪೇಜರ್ ಕೆಟ್ಟು, ಅದೇ ದಿನ ಗಿರಣಿ ಸುಟ್ಟರೆ ಕುರಿ ಕಾಯುವವನಿಗೂ ಅನುಮಾನ ಬಂದೀತು. ಆದರೆ ತಿಂಗಳುಗಟ್ಟಲೆ ಕೆಡುತ್ತಲೇ ಇರುವ ಪೇಜರ್ ಒಂದು ದಿನ ಕೆಟ್ಟರೆ? ಅದು ಸುದ್ದಿಯಲ್ಲ, ಹವಾಮಾನ.

ಆದ್ದರಿಂದ ವಾರಕ್ಕೆ ಮೂರು ಮಧ್ಯಾಹ್ನ ಬೆಣೆ ತೆಗೆದ. ಮಧ್ಯಾಹ್ನ ಅಕ್ಕ ಒತ್ತುವ ಪರೀಕ್ಷೆಯ ಕರೆ ಕೇಳಿಸಲಿಲ್ಲವೆಂದು ದೂರುಗಳು ಬಂದವು. ಅದಕ್ಕಾಗಿಯೇ ಒಂದು ದೂರು ಪುಸ್ತಕ ತಂದು, ಗೆರೆ ಎಳೆದು, ತಾರೀಖು, ಹೊತ್ತು, ದೋಷ, ಕ್ರಮ ಎಂದು ನಾಲ್ಕು ಕಾಲಂ ಮಾಡಿ, ಪ್ರತಿಯೊಂದನ್ನೂ ದುಂಡಗೆ ಬರೆದ. 'ಕ್ರಮ' ಎಂಬ ಕಾಲಮ್ಮಿನಲ್ಲಿ ತನ್ನ ಶ್ರಮವನ್ನು ಇನ್ನೂ ದುಂಡಗೆ ಬರೆದ. ಮುಖ್ಯ ಕಚೇರಿಗೆ ಐದು ಪತ್ರ ಹಾಕಿದ: ದೋಷ ಬಂದು ಹೋಗುವಂಥದ್ದು, ದಯವಿಟ್ಟು ಹೊಸ ಬೋರ್ಡು ಕಳಿಸಿ, ಇಲ್ಲವಾದರೆ ಅನಾಹುತಕ್ಕೆ ನಾನು ಹೊಣೆಯಲ್ಲ. ಮುಖ್ಯ ಕಚೇರಿ ತನ್ನ ಪಾತ್ರವನ್ನು ಅಕ್ಷರ ಬಿಡದೆ ನಿರ್ವಹಿಸಿತು. ಐದನೆಯ ಪತ್ರಕ್ಕೆ, ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕಳಿಸತಕ್ಕದ್ದು ಎಂದು ಉತ್ತರ ಬಂತು. ಆ ಉತ್ತರವನ್ನು ಅವನು ದೂರು ಪುಸ್ತಕಕ್ಕೆ ಅಂಟಿಸಿ, ಮೇಲೆ ಕೈ ಸವರಿದ.

"ಏನ್ ಸಿಗ್ನಲ್, ನಿನ್ನ ಮಿಷನ್ನಿಗೆ ಮಲೇರಿಯಾನಾ?" ಎಂದ ಕ್ಷೌರಿಕ, ಇವನ ಗಲ್ಲಕ್ಕೆ ನೊರೆ ಹಚ್ಚುತ್ತ. ಕ್ಷೌರಿಕನೂ ದಳದವನೇ. "ಬೆಳಗ್ಗೆ ಗುಂಡುಕಲ್ಲು, ಮಧ್ಯಾಹ್ನ ಆಯ್ತು ಅಂದ್ರೆ ನಡುಕ!"

"ಹುಡುಕ್ತಿದೀನಪ್ಪ. ಕಣ್ಣಿಗೆ ನಿದ್ದೆ ಇಲ್ಲ," ಎಂದ ಸಿಗ್ನಲ್, ಬೇಕೆಂದೇ ದನಿ ಕುಗ್ಗಿಸಿ.

ಕ್ಷೌರಿಕ ಕತ್ತಿ ನಿಲ್ಲಿಸಿ ಕನ್ನಡಿಯಲ್ಲಿ ಇವನ ಮುಖ ನೋಡಿದ. "ಬಿಡು ಮಾರಾಯ, ಅದೇನು ನಿನ್ನ ತಪ್ಪಾ? ಯಂತ್ರ ಅಂದ್ಮೇಲೆ ಅಷ್ಟೇ," ಎಂದು, ಅವತ್ತು ಬೇಡವೆಂದರೂ ತಲೆಗೆ ಎಣ್ಣೆ ತಿಕ್ಕಿ ಕಳಿಸಿದ. ಜನ ಎಷ್ಟು ಸುಲಭವಾಗಿ ಮೋಸ ಹೋಗುತ್ತಾರೆ ಎಂದು ಸಿಗ್ನಲ್‌ಗೆ ಅವರ ಮೇಲೆ ಕನಿಕರವೇ ಬಂತು.

ಎರಡು ತಿಂಗಳಲ್ಲಿ ಐವತ್ತೇಳು ದೂರು. ಆಮೇಲೆ ದೂರುಗಳು ನಿಂತವು. ಬೆಣೆ ತೆಗೆದರೂ ಯಾರೂ ಕೇಳುವವರಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ, ಪುಸ್ತಕದ ಹಾಳೆ ಖಾಲಿ. ಮೊದಲು ಸ್ವಲ್ಪ ಮುಖಭಂಗವಾದಂತೆನಿಸಿತು. ಬಳಿಕ ಅರ್ಥ ಹೊಳೆಯಿತು: ಊರು ಒಗ್ಗಿಕೊಂಡಿದೆ. ದೂರುವ ಚೈತನ್ಯವೂ ಜನಕ್ಕೆ ಉಳಿದಿಲ್ಲ. ಹಣ್ಣು ತಾನಾಗಿ ತೊಟ್ಟು ಕಳಚುವ ಹೊತ್ತು ಇದೇ.

ಬೆಂಕಿಯ ಏರ್ಪಾಡು ಅವನಿಗೆ ಎಲ್ಲಕ್ಕಿಂತ ಹೆಮ್ಮೆಯದು. ಮೂರು ವರ್ಷದ ಹಿಂದೆ ಭಾವ ಇವನ ಒಳ್ಳೆಯ ಬೆಸುಗೆ ಕಡ್ಡಿಯೊಂದನ್ನು 'ಎರಡು ದಿನಕ್ಕೆ' ಎಂದು ಒಯ್ದಿದ್ದ. ಭಾವ ಒಯ್ದದ್ದು ತಿರುಗಿ ಬಂದ ದಾಖಲೆ ಆ ಊರಿನಲ್ಲಿ ಇಲ್ಲ. ಅದು ಗಿರಣಿಯ ಆಫೀಸಿನ ಮೇಜಿನ ಸೆಳೆಖಾನೆಯಲ್ಲಿದೆ ಎಂದು ಇಡೀ ಊರಿಗೆ ಗೊತ್ತು, ಏಕೆಂದರೆ ಅದನ್ನು ವಾಪಸ್ ಕೇಳಿ ಇವನು ಇಡೀ ಊರಿನೆದುರು ನಾಲ್ಕು ಸಲ ಮಂಗನಾಗಿದ್ದ. ರಜೆಯ ದಿನ ಗಿರಣಿಗೆ ಯಾರೂ ಬರುವುದಿಲ್ಲ. ಭಾವ ಉಂಡು, ಸೊಂಟದ ಪೇಜರನ್ನು ಪದಕದಂತೆ ಮೇಲೆ ಮಾಡಿಕೊಂಡು, ಮನೆಯಲ್ಲಿ ಗೊರಕೆ ಹೊಡೆಯುತ್ತಾನೆ. ಆಗ ಆ ಕಡ್ಡಿ ಕಾದು ಹೊಟ್ಟಿನೊಳಗೆ ಮಲಗಿದ್ದರೆ, ಅದು ಭಾವನದೇ ಅಜಾಗರೂಕತೆ. ಯಾರೋ ಹೊಗೆ ಕಂಡು ಅಕ್ಕನಿಗೆ ಫೋನು ಮಾಡುತ್ತಾರೆ, ಅಕ್ಕ ಗುಂಡಿ ಒತ್ತುತ್ತಾಳೆ, ಪೇಜರುಗಳು ನಿದ್ದೆ ಮಾಡುತ್ತವೆ. ಬೆಂಕಿ ಆರಿಸುವ ನಾಯಕನ ಗಿರಣಿ ನಾಯಕನ ಗೊರಕೆಯ ತಾಳಕ್ಕೆ ಉರಿಯುತ್ತದೆ. ತಾನು ಗುಡ್ಡದ ಮೇಲೆ, ಬೆವರು ಸುರಿಸುತ್ತ, ದೋಷ ಹುಡುಕುತ್ತ ಇರುತ್ತಾನೆ. ಯಾರ ಜೀವಕ್ಕೂ ಅಪಾಯವಿಲ್ಲ. ಮರಕ್ಕೆ ಮರ, ಅಷ್ಟೇ. ಅವನೇನು ಕೆಟ್ಟವನಲ್ಲವಲ್ಲ.

ರಜೆಯ ದಿನ ಬಂತು. ಅಡುಗೆಮನೆಯಲ್ಲಿ ಹೆಂಡತಿ ಊಟದ ಡಬ್ಬಿಗಳನ್ನು ಸಾಲಾಗಿ ಇಟ್ಟು ತುಂಬುತ್ತಿದ್ದಳು.

"ರಜೆ ದಿನಾನೂ ಹೋಗ್ಬೇಕಾ?"

"ದೋಷಕ್ಕೆ ರಜೆ ಇದೆಯಾ?"

"ಅಲ್ಲಾ, ಅದು ಸರಿಹೋಗ್ದಿದ್ರೆ ಹೋಗ್ಲಿ ಬಿಡೀಂದ್ರೆ. ಯಾರೂ ಏನೂ ಅನ್ಕೊಳ್ಳಲ್ಲ. ನೋಡಿ, ನಿಮ್ಗೆ ಒಂದು ವಿಷ್ಯ ಹೇಳ್ಬೇಕಿತ್ತು, ಬೇಜಾರು ಮಾಡ್ಕೋಬಾರ್ದು..."

"ಸಂಜೆ ಹೇಳೆ," ಎಂದ. ಗಾಳಿಯಲ್ಲಿ ಸಂಕೇತ ಎಳ್ಳಷ್ಟು ಅಲುಗಿದರೂ ಕೇಳಿಸುವ ಕಿವಿ ಅವನದು. ಹೆಂಡತಿಯ ಮಾತಿಗೆ ಅದನ್ನು ಸವೆಸುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಒಬ್ಬನ ಊಟಕ್ಕೆ ಅಷ್ಟೊಂದು ಡಬ್ಬಿಗಳು ಯಾಕೆ ಎಂದೂ ಕೇಳಲಿಲ್ಲ. ದೂರು ಪುಸ್ತಕದಲ್ಲಿ 'ಮಧ್ಯಾಹ್ನ ೧೨-೩೦: ಗುಡ್ಡದಲ್ಲಿ ಕೆಲಸ ಆರಂಭ' ಎಂದು ಮುಂಗಡವಾಗಿ ಬರೆದಿಟ್ಟು, ಮೊಪೆಡ್ ಹತ್ತಿ, ಗುಡ್ಡದ ಕಡೆ ಹೊರಟು, ಕಾಲುವೆಯ ಬಳಿ ಹಿಂದಕ್ಕೆ ತಿರುಗಿದ.

ದಳದ ಕೆಂಪು ಗಾಡಿ ನಿಲ್ಲುವ ಚಪ್ಪರ ಖಾಲಿಯಿತ್ತು. ರಿಪೇರಿಗೆ ಹೋಗಿರಬೇಕು, ದೇವರು ಕೊಡುವಾಗ ಎರಡು ಕೈಯಲ್ಲೂ ಕೊಡುತ್ತಾನೆ. ಗಿರಣಿಯಲ್ಲಿ ನರಪಿಳ್ಳೆಯಿಲ್ಲ. ಆಫೀಸಿನ ಬೀಗದಕೈ ಎಂದಿನಂತೆ ಸೂರಿನ ಡಬ್ಬಿಯಲ್ಲಿ. ಕೈಗವಸು ಹಾಕಿಕೊಂಡು ಒಳಗೆ ಹೋದ. ಸೆಳೆಖಾನೆಯಲ್ಲಿ ಬೆಸುಗೆ ಕಡ್ಡಿ ಇತ್ತು, ಮೂರು ವರ್ಷದ ಧೂಳಿನ ಸಮೇತ. ಮೂಲೆಯ ಹೊಟ್ಟಿನ ಚೀಲಗಳ ನಡುವೆ ಅದಕ್ಕೆ ಹಾಸಿಗೆ ಮಾಡಿ ಮಲಗಿಸಿ ಸ್ವಿಚ್ ಹಾಕಿದ. ಹೊತ್ತು ನೋಡಿಕೊಳ್ಳಲು ಕೈಗಡಿಯಾರ ನೋಡಿದರೆ ಅದು ಆರೂ ನಲವತ್ತಕ್ಕೆ ನಿಂತಿತ್ತು. ಅಪ್ಪನ ಗಡಿಯಾರ, ದಿನಾ ಬೆಳಗ್ಗೆ ಕೀಲಿ ಕೊಡಬೇಕು. ಭಾವನ ಗಿರಣಿಗೆ ಬೆಂಕಿ ಇಡುವ ದಿನ ಮನುಷ್ಯ ಇಷ್ಟಾದರೂ ಮರೆಯುತ್ತಾನೆ. ತಲೆಯೆತ್ತಿದ. ವರ್ಷಗಟ್ಟಲೆ ಹತ್ತು ಗಂಟೆಗೆ ನಿಂತೇ ಇದ್ದ ಗೋಡೆ ಗಡಿಯಾರ ಇವತ್ತು ಟಕಟಕ ಎಂದು ನಡೆಯುತ್ತಿತ್ತು! ಒಂದೂವರೆ. ಅಂದುಕೊಂಡದ್ದಕ್ಕಿಂತ ತಡವಾಗಿಬಿಟ್ಟಿದೆ. ಕೈಗಡಿಯಾರಕ್ಕೆ ಕೀಲಿ ಕೊಟ್ಟು, ಒಂದೂವರೆಗೆ ಮುಳ್ಳು ಕೂಡಿಸಿ, ಹೊರಗೆ ಬಂದು, ಅತ್ತಿತ್ತ ನೋಡದೆ ಮೊಪೆಡ್ ಓಡಿಸಿದ.

ಎರಡು ಗಂಟೆಗೆ ಸರಿಯಾಗಿ ಬೆಣೆ ತೆಗೆದ. ತೆರೆಯ ಮೇಲೆ ಕೋಟೆ ಕುಸಿದು ಬೇಲಿಯಾಯಿತು. ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡು ಗಿರಣಿಯ ಕಡೆ ನೋಡುತ್ತ ಕೂತ. ಹೊಗೆ ಇಲ್ಲ. ಅರ್ಧ ಗಂಟೆ. ಹೊಗೆ ಇಲ್ಲ. ಒಳ್ಳೆಯ ಬೆಂಕಿಗೂ ಒಳ್ಳೆಯ ಬೆಸುಗೆಗೂ ತಾಳ್ಮೆ ಬೇಕು. ಪುಸ್ತಕ ತೆರೆದು, '೨-೩೦: ಸಂಕೇತ ಅಸ್ಥಿರ, ದೋಷಶೋಧನೆ ಸತತ ಜಾರಿಯಲ್ಲಿ' ಎಂದು ಬರೆದು ಅಡಿಗೆರೆ ಎಳೆದ.

ಆಗ ಕಂಡದ್ದು ಹೊಗೆಯಲ್ಲ, ಧೂಳು. ಗಿರಣಿಯ ಹಲಗೆ ರಾಶಿಗಳ ಹಿಂದಿನಿಂದ ಹೊರಟ ದಳದ ಕೆಂಪು ಗಾಡಿ, ಎಲ್ಲೂ ಬೆಂಕಿಯಿಲ್ಲದ ಆ ಮಧ್ಯಾಹ್ನ, ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿತ್ತು. ಬೆಣೆಯನ್ನು ಸಿಕ್ಕಿಸುವುದೋ ನುಂಗುವುದೋ ಎಂದು ಯೋಚಿಸಿ, ಕೊನೆಗೆ ಜೇಬಿಗೆ ಹಾಕಿಕೊಂಡ.

ಗಾಡಿಯಿಂದ ಭಾವ ಇಳಿದ, ಕ್ಷೌರಿಕ ಇಳಿದ, ಊಟದ ನಡುವೆ ಎದ್ದು ಬಂದ ಮುಖದ ಪೊಲೀಸಿನವನು ಇಳಿದ. ಭಾವನ ಕೈಯಲ್ಲಿ ಬೆಸುಗೆ ಕಡ್ಡಿ ಇತ್ತು, ಒದ್ದೆಯಾಗಿ.

"ಇಗೋ ಸಿಗ್ನಲ್, ಮೂರು ವರ್ಷದ ಸಾಲ ತೀರಿತು. ನೀನೇ ಬಂದು ಹುಡುಕ್ಕೊಂಡೆಯಂತೆ. ತಗೊಂಡು ಹೋಗೋದು ಬಿಟ್ಟು ಮಲಗಿಸಿ ಯಾಕೆ ಬಂದೆ?"

"ನಾನಾ? ಗಿರಣಿಗಾ? ಹನ್ನೆರಡೂವರೆಯಿಂದ ಇಲ್ಲೇ ಇದೀನಿ. ಕಡ್ಡಿ ನಿಮ್ಮ ಹತ್ರ ಇರೋದು ಊರಿಗೇ ಗೊತ್ತು," ಎಂದ ಸಿಗ್ನಲ್. ದನಿ ನಡುಗಲಿಲ್ಲ, ಅದರ ಬೆಸುಗೆ ಗಟ್ಟಿಯಾಗಿತ್ತು.

"ನಾನು ಕಂಡೆನಲ್ಲೋ," ಎಂದ ಕ್ಷೌರಿಕ, ತಾನೇ ತಪ್ಪು ಮಾಡಿದವನಂತೆ. "ಹಲಗೆ ರಾಶಿ ಮೇಲೆ ಮಲಗಿದ್ದೆ. ಪಾಪ, ತನ್ನ ಕಡ್ಡಿ ತಗೊಂಡು ಹೋಗೋಕೆ ಬಂದಿದಾನೆ, ಕೂಗೋದು ಬೇಡ ಅನ್ಕೊಂಡೆ. ನೀನು ನೋಡಿದ್ರೆ ಬರಿಗೈಲಿ ಹೊರಟೆ. ಯಾಕೆ ಅಂತ ಒಳಗೆ ಹೋಗಿ ನೋಡಿದ್ರೆ ಹೊಟ್ಟಿನ ಮಧ್ಯೆ ಕಡ್ಡಿ ಕಾಯ್ತಿತ್ತು; ಸ್ವಿಚ್ ಆರಿಸಿ ನೀರು ಸುರಿದೆ."

"ರಜೆ ದಿನ ಹಲಗೆ ಮೇಲೆ ಯಾಕೆ ಮಲಗಿದ್ದೆ? ಕ್ಷೌರಿಕನ ಕನಸಿಗೆಲ್ಲಾ ನಾನು ಹೊಣೆಯಾ?" ಸಿಗ್ನಲ್ ಪೊಲೀಸಿನವನ ಕಡೆ ತಿರುಗಿ ದೂರು ಪುಸ್ತಕ ಚಾಚಿದ. "ನೋಡಿ ಸಾರ್. ಐವತ್ತೇಳು ದೂರು. ಐದು ಪತ್ರ. ನನ್ನ ಜೀವನ ಇಲ್ಲೇ ತೇದಿದೀನಿ."

ಪೊಲೀಸಿನವನು ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದ. "ದೂರೇನೋ ಇದೆ. ಈಚೆಗೆ ನಾಲ್ಕು ವಾರ ಖಾಲಿ ಯಾಕೆ?"

ಭಾವ ಮುಜುಗರದಿಂದ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಪೇಜರ್ ನಂಬೋದು ಬಿಟ್ವಿ ಸಾರ್. ಊರಲ್ಲಿ ಬೆಂಕಿ ಬಿದ್ರೆ ಮೊದ್ಲು ಬೀಳೋದು ನನ್ನ ಗಿರಣಿಗೇ ಅಂತ, ಗಾಡೀನ ಅಲ್ಲೇ ಹಿಂದೆ ನಿಲ್ಲಿಸಿ ಪಾಳಿ ಮೇಲೆ ಕೂರ್ತಿದೀವಿ. ರಜೆ ದಿನ ನನ್ನ ಪಾಳಿನೂ ಇರುತ್ತೆ; ತಂಗಿ ಊಟ ಕಳಿಸ್ತಾಳೆ. ಇವನಿಗೆ ಮಾತ್ರ ಹೇಳಿರ್ಲಿಲ್ಲ. ಅಷ್ಟು ಒದ್ದಾಡ್ತಿದಾನೆ, ನೊಂದ್ಕೋತಾನೆ ಅಂತ."

"ಕಟ್ಟುಕತೆ!" ಎಂದ ಸಿಗ್ನಲ್. ಮುಖ ಬಿಳಿಚಿದ್ದರೂ ತಲೆ ಇನ್ನೂ ಚುರುಕಾಗಿತ್ತು. ಇಬ್ಬರು ಸೇರಿ ಹೇಳುವ ಮಾತು, ಅಷ್ಟೇ. ತನ್ನ ಮಾತಿಗೆ ಪುಸ್ತಕದ ಬೆಂಬಲವಿದೆ. "ಇವರ ಬಾಯಿಮಾತು ಬಿಟ್ರೆ ನಾನು ಗಿರಣಿಗೆ ಕಾಲಿಟ್ಟೆ ಅನ್ನೋದಕ್ಕೆ ಏನು ಗುರುತಿದೆ ಸಾರ್?"

ಪೊಲೀಸಿನವನು ಪುಸ್ತಕದ ಕೊನೆಯ ಸಾಲಿಗೆ ಬೆರಳಿಟ್ಟು, ತನ್ನ ಕೈಗಡಿಯಾರ ನೋಡಿ, ಮತ್ತೆ ಸಾಲು ನೋಡಿದ. "ಎರಡೂವರೆ ಅಂತ ಬರೆದಿದೀರಿ. ಈಗಿನ್ನೂ ಎರಡೂ ಕಾಲು. ಇನ್ನೂ ಆಗದ ಹೊತ್ತಲ್ಲಿ ದೋಷ ಹುಡುಕಿದೀರಾ?" ಎಂದು, ಇವನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ತಿರುಗಿಸಿದ. ಅಪ್ಪನ ಗಡಿಯಾರ ಎರಡೂ ಮೂವತ್ತೈದು ತೋರಿಸುತ್ತಿತ್ತು. ಭಾವ ಅದನ್ನು ಬಗ್ಗಿ ನೋಡಿದ, ಕ್ಷೌರಿಕ ಬಗ್ಗಿ ನೋಡಿದ. ಬಳಿಕ ಭಾವ ಸೊಂಟದ ಪೇಜರ್ ಬಿಚ್ಚಿ, ಅದರ ಬೆನ್ನ ಮುಚ್ಚಳ ತೆಗೆದು ತೋರಿಸಿದ. ಒಳಗೆ ಬ್ಯಾಟರಿ ಇರಲಿಲ್ಲ. "ಹೇಗೂ ಕೂಗಲ್ವಲ್ಲಾ ಅಂತ ಗಿರಣಿ ಗಡಿಯಾರಕ್ಕೆ ಹಾಕ್ದೆ ಸಾರ್, ಪಾಳಿಯವರಿಗೆ ಹೊತ್ತು ತಿಳೀಲಿ ಅಂತ. ಇವರೆಲ್ಲಾ ಸೋಮಾರಿಗಳು, ಒಬ್ಬನೂ ಸರಿಯಾದ ಹೊತ್ತಿಗೆ ಬರಲ್ಲ. ಅದಕ್ಕೇ ಬೇಕೂಂತಲೇ ಇಪ್ಪತ್ತು ನಿಮಿಷ ಮುಂದೆ ಇಟ್ಟಿದೀನಿ." ಇಪ್ಪತ್ತು ನಿಮಿಷ ಮುಂದಿನ ಆ ಹೊತ್ತು ಊರಿನಲ್ಲಿ ಎರಡೇ ಕಡೆ ನಡೆಯುತ್ತಿತ್ತು: ಗಿರಣಿಯ ಆಫೀಸಿನ ಗೋಡೆಯ ಮೇಲೆ, ಮತ್ತು ಸಿಗ್ನಲ್‌ನ ಮಣಿಕಟ್ಟಿನ ಮೇಲೆ.